ಹುಣಸೆಹಣ್ಣಿನಲ್ಲಿ ತೊಳೆದ ನಲವತ್ತು ಪಿನ್ನು

ಮನುಷ್ಯನನ್ನು ಬಾಹ್ಯಾಕಾಶಕ್ಕೆ ಕಳಿಸುವ ಕೆಲಸ ಇನ್ನು ಮುಂದೆ ಸರ್ಕಾರದ್ದೋ ಖಾಸಗಿಯವರದ್ದೋ ಎಂದು ಟಿ.ವಿ.ಯಲ್ಲಿ ಕೋಟು ತೊಟ್ಟವರು ವಾದಕ್ಕೆ ಕೂತಾಗಲೆಲ್ಲ ನನಗೆ ನಗು ಬರುತ್ತದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಲೇತ್ ನಡೆಸಿದವನು ನಾನು. ಅಲ್ಲಿ ಸರ್ಕಾರ ಮತ್ತು ಖಾಸಗಿ ಒಂದೇ ಮೇಜಿನ ಆಚೆ ಈಚೆ ಕೂತು ಚಹಾ ಕುಡಿಯುತ್ತಿದ್ದವು. ಸರ್ಕಾರ ಸಕ್ಕರೆ ಇಲ್ಲದ ಚಹಾ ಕೇಳುತ್ತಿತ್ತು, ಖಾಸಗಿ ಎರಡು ಚಮಚ ಹೆಚ್ಚು ಹಾಕಿಸಿಕೊಳ್ಳುತ್ತಿತ್ತು.

ಈಗ ಐಟಿಐ ಮುಗಿಸಿ ಹೈದರಾಬಾದಿನ ಹೊಸ ಕಂಪನಿಗಳಿಗೆ ರಾಕೆಟ್ಟಿನ ಭಾಗ ಮಾಡಲು ಹೊರಟಿರುವ ನಿಮ್ಮಂಥವರಿಗೆ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಸಿಕ್ಕಿದ್ದು ಒಂದೇ ಸಲ. ಅದರಿಂದ ಆದ ಬದಲಾವಣೆ ಎಂದರೆ ನನ್ನ ಕುರ್ಚಿಗೆ ಎರಡು ಕೈ ಬಂದವು. ಹಾಗಾಗಿ ಆ ಅಧ್ಯಾಯ ಬಿಟ್ಟು ನಾನು ಮಾಡಿದ ತಪ್ಪುಗಳನ್ನೇ ಹೇಳುತ್ತೇನೆ, ಅವುಗಳ ದಾಸ್ತಾನು ಸಾಕಷ್ಟಿದೆ.

ನನ್ನೂರು ನಾರಾಯಣಪುರ. ಬೆಳಿಗ್ಗೆ ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಸಿಕ್ಕಿದ ಬಸ್ಸೋ ಜೀಪೋ ಹಿಡಿದು ಹುಮನಾಬಾದಿಗೆ ಹೋಗುತ್ತಿದ್ದೆ. ಶೆಡ್ಡಿನ ಮಾಲೀಕರು ಸಂಗಶೆಟ್ಟಿ ಸಾಹುಕಾರರು. ದೊಡ್ಡ ಹೊಟ್ಟೆ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಶೆಡ್ಡಿನ ಹಿಂದೆಯೇ ಅವರ ಮನೆ. ಕಬ್ಬಿನ ಗಾಣದ ಗುಂಡು, ಮೋಟಾರು ಪಂಪಿನ ಬುಶ್ಶು, ಸಕ್ಕರೆ ಕಾರ್ಖಾನೆಯ ಸರಪಳಿಯ ಪಿನ್ನು ಇವೇ ನಮ್ಮ ಮಾಲು. ತೊಂಬತ್ತರ ದಶಕದ ನಡುವಿನಲ್ಲಿ ಸಾಹುಕಾರರ ಬೀಗರೊಬ್ಬರು ಹೈದರಾಬಾದಿನಿಂದ ಒಂದು ನಕ್ಷೆ ಕಳಿಸಿದರು. ಹೆಬ್ಬೆರಳಿನಷ್ಟು ದಪ್ಪದ ಒಂದು ಪಿನ್ನು, ಅದಕ್ಕೆ ಆರು ಹಾಳೆಯ ವಿವರಣೆ.

"ಇಷ್ಟ ಸಣ್ಣ ಪಿನ್ನಿಗಿ ಆರು ಹಾಳಿ ಯಾಕೋ ಕಾಶ್ಯಾ? ನನ್ನ ಮದುವಿ ಲಗ್ನಪತ್ರಿಕಿನೂ ಒಂದೇ ಹಾಳಿ ಇತ್ತು" ಎಂದರು ಸಾಹುಕಾರರು.

"ಸರ್ಕಾರದ್ದು ಅದರಿ ಸಾವ್ಕಾರ್ರ. ರಾಕೆಟ್ಟಿಗಿ ಹಾಕ್ತಾರಂತ."

"ರಾಕೆಟ್ಟಿಗಿ? ಹಂಗಾರ ಜರಾ ಹೊಳೀಬೇಕು."

ಹೊಳೆಸಿದೆವು. ಎರಡು ದಿನ ಬಫಿಂಗ್ ಚಕ್ರಕ್ಕೆ ಹಿಡಿದು, ಮುಖ ನೋಡಿಕೊಂಡು ಮೀಸೆ ತಿದ್ದಿಕೊಳ್ಳಬಹುದು ಅನ್ನುವಷ್ಟು ಹೊಳೆಸಿದೆವು. ಸಾಹುಕಾರರು ಬಂದವರಿಗೆಲ್ಲ ಒಂದೊಂದು ಪಿನ್ನು ಕೈಗೆ ಕೊಟ್ಟು ತೋರಿಸಿದರು. ಇಡೀ ಲಾಟು ವಾಪಸ್ ಬಂತು. ಹೊಳಪಿನ ಭರದಲ್ಲಿ ಕೂದಲಿನ ಕಾಲು ಭಾಗದಷ್ಟು ಉಕ್ಕು ಸವೆದು, ಪಿನ್ನು ಬೇಕಾದ್ದಕ್ಕಿಂತ ತೆಳ್ಳಗಾಗಿತ್ತು. ಕೂದಲನ್ನು ನಾಲ್ಕು ಭಾಗ ಮಾಡಿ ಅಳೆಯುವವರೂ ಲೋಕದಲ್ಲಿ ಇದ್ದಾರೆ ಎಂಬುದು ನಮಗೆ ಅಂದೇ ಗೊತ್ತಾದದ್ದು.

ಹಾಗೆ ಅಳೆಯುವವರು ಮುಂದಿನ ತಿಂಗಳು ಖುದ್ದಾಗಿ ಬಂದರು. ವತ್ಸಲಾ ಮೇಡಂ, ಹೈದರಾಬಾದಿನ ಸರ್ಕಾರಿ ಕಚೇರಿಯ ತಪಾಸಣಾಧಿಕಾರಿ, ಮೈಸೂರು ಕಡೆಯವರು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಅಳತೆಯ ಉಪಕರಣಗಳ ಪೆಟ್ಟಿಗೆಯನ್ನು ಬಸ್ಸಿನ ನೆಲಕ್ಕೆ ಇಡದೆ ಹಸುಗೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತರುತ್ತಿದ್ದರು. ಮೊದಲ ದಿನವೇ ಪ್ರತಿ ಪಿನ್ನಿಗೂ ಒಂದು ಸಂಖ್ಯೆ ಕೊಟ್ಟು, ಅದರ ಉಕ್ಕು ಎಲ್ಲಿಂದ ಬಂತು, ಯಾವ ದಿನ ಯಾರು ಕಡೆದರು, ಯಾರು ಅಳೆದರು ಎಂದು ಬರೆಸಿದರು. ನನಗೂ ಒಂದು ಪರೀಕ್ಷೆ ಕೊಟ್ಟು, ಪಾಸಾದ ಮೇಲೆ ಹೆಸರು, ನಂಬರು ಇದ್ದ ಒಂದು ಕಾರ್ಡು ಮಾಡಿಸಿದರು. ಆ ಕಾರ್ಡು ಇದ್ದವನು ಮಾತ್ರ ಈ ಕೆಲಸ ಮುಟ್ಟಬೇಕು. ಅದು ಒಮ್ಮೆ ರದ್ದಾಯಿತೆಂದರೆ ಮತ್ತೆ ಯಾವ ಕಾರ್ಖಾನೆಯಲ್ಲೂ ಬಾಹ್ಯಾಕಾಶದ ತುಂಡು ಮುಟ್ಟುವ ಹಾಗಿಲ್ಲ. ನಾನು ಆ ಕಾರ್ಡಿಗೆ ಪ್ಲಾಸ್ಟಿಕ್ ಹಾಕಿಸಿ, ಬಸ್ಸಿನಲ್ಲಿ ಕಂಡಕ್ಟರನಿಗೂ ತೋರಿಸಿದ್ದೇನೆ. ಅವನು ಪಾಸು ಚಾಲ್ತಿಯಲ್ಲಿಲ್ಲ ಅಂದ.

ನನಗಾಗ ಈ ಮೇಡಂ ನಿಜವಾಗಿ ಅಳೆಯುತ್ತಾರೋ, ಸುಮ್ಮನೆ ಗತ್ತು ಮಾಡುತ್ತಾರೋ ಎಂಬ ಅನುಮಾನ. ಒಂದು ತಿಂಗಳು ಅವರು ತೆಗೆದುಹಾಕಿದ ಪಿನ್ನನ್ನು ಎತ್ತಿಟ್ಟು, ಅದರ ನಂಬರು ಉಜ್ಜಿ ಹೊಸದು ಕೆತ್ತಿ, ಮುಂದಿನ ತಿಂಗಳ ಲಾಟಿನ ನಡುವೆ ಸೇರಿಸಿದೆ. ಮೇಡಂ ಒಂದೊಂದೇ ಎತ್ತುತ್ತ ಬಂದರು. ಅದು ಕೈಗೆ ಬಂದಾಗ ಅಳೆಯಲೇ ಇಲ್ಲ, ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿದರು.

"ಇವನು ಹೋದ ತಿಂಗಳೂ ಬಂದಿದ್ದನಲ್ಲ ಕಾಶೀನಾಥ್? ಹೆಸರು ಬದಲಾಯಿಸಿಕೊಂಡಿದ್ದಾನೆ."

ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಕಾರ್ಡು ಹೋಯಿತು ಅಂದುಕೊಂಡೆ. ಮೇಡಂ ಮಾತ್ರ ಆ ಪಿನ್ನನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, "ನನ್ನನ್ನು ಪರೀಕ್ಷೆ ಮಾಡಿದ್ದು ತಪ್ಪಲ್ಲ. ಆದರೆ ಇನ್ನೊಮ್ಮೆ ನಂಬರು ಉಜ್ಜಿದರೆ ನಿಮ್ಮ ನಂಬರನ್ನೂ ಉಜ್ಜುತ್ತೇನೆ" ಎಂದರು. ಅಂದಿನಿಂದ ಅವರ ಬಗ್ಗೆ ನನಗೆ ಭಯವೂ ಅಷ್ಟೇ ಪ್ರೀತಿಯೂ ಹುಟ್ಟಿತು. ಇಬ್ಬರ ಜೊತೆ ಕೆಲಸ ಮಾಡುವಾಗ ನಾನು ನೆಟ್ಟಗಿರುತ್ತಿದ್ದೆ, ಒಬ್ಬರು ಅವರು, ಇನ್ನೊಬ್ಬಳು ನನ್ನ ಹೆಂಡತಿ.

ಸಾಹುಕಾರರಿಗೂ ಮೇಡಂಗೂ ಪ್ರತಿ ತಿಂಗಳು ಒಂದು ವಾದ ನಡೆಯಲೇಬೇಕು. ಪರದೇಶದಲ್ಲಿ ಖಾಸಗಿಯವರ ವಿಮಾನವೊಂದು ಮನುಷ್ಯನನ್ನು ಕೂರಿಸಿಕೊಂಡು ಬಾಹ್ಯಾಕಾಶದ ಅಂಚು ಮುಟ್ಟಿ ಬಂತು ಎಂಬ ಸುದ್ದಿ ಪೇಪರಿನಲ್ಲಿ ಬಂದಾಗ ಸಾಹುಕಾರರಿಗೆ ಹಬ್ಬವೋ ಹಬ್ಬ. ಆ ಪೇಪರನ್ನು ಮೂರು ವಾರ ಕಾದಿಟ್ಟು ಮೇಡಂ ಮುಂದೆ ಹರವಿದರು.

"ನೋಡ್ರಿ ಮೇಡಂ, ನಿಮ್ಮ ಸರ್ಕಾರಕ್ಕ ಇನ್ನೂ ಆಗಿಲ್ಲ, ಖಾಸಗಿಯವರು ಮನಷ್ಯಾನ್ನ ಒಯ್ದು ತಂದಾರ. ಸರ್ಕಾರಿ ಬಸ್ಸ ನೋಡ್ರಿ, ಒಬ್ಬಾಂವ ಇದ್ರೂ ಹೊಂಡತದ ಖರೆ, ಆದ್ರ ಯಾವಾಗ ಹೊಂಡತದ ಅದಕ್ಕೇ ಗೊತ್ತಿಲ್ಲ. ನಮ್ಮ ಕಲ್ಯಾಣದ ಜೀಪ್ ಹಂಗಲ್ಲ. ತುಂಬತು, ನಡೀತು."

"ತುಂಬಿದ ಮೇಲೆ ಟಾಪ್ ಮೇಲೂ ಕೂರಿಸ್ತಾರಲ್ಲ ಸಂಗಶೆಟ್ಟರೇ? ಅವನು ಬಿದ್ದರೆ?"

"ಟಾಪ್ ಮ್ಯಾಲಿನಾಂವಂದು ಅರ್ಧಾ ಟಿಕೇಟ್ರಿ ಮೇಡಂ."

ನಾನು ನಕ್ಕೆ. ಮೇಡಂ ಕೂಡ ನಕ್ಕರು, ಆಮೇಲೆ ಕೇಳಿದರು: "ಅರ್ಧ ಟಿಕೆಟ್ಟಿನವನ ಮನೆಗೆ ಹೋಗಿ ಸುದ್ದಿ ಹೇಳೋದು ಯಾರು? ನೀವೋ, ನಾನೋ?"

ಸಾಹುಕಾರರು ಪೇಪರ್ ಮಡಚಿ ಚಹಾ ತರಿಸಿದರು. ಇಬ್ಬರ ಮಾತಿನಲ್ಲೂ ಅರ್ಧರ್ಧ ನಿಜ ಇದೆ ಎಂದು ನನಗೆ ಅನ್ನಿಸಿತ್ತು, ಆದರೆ ಅಲ್ಲಿ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಅದಾದ ಕೆಲವು ತಿಂಗಳಿಗೆ ದೊಡ್ಡ ಆರ್ಡರು ಬಂತು. ದೊಡ್ಡದು ಅಂದರೆ ಲೆಕ್ಕದಲ್ಲಲ್ಲ, ನಲವತ್ತೇ ಪಿನ್ನು. ಸರ್ಕಾರ ಕ್ಯಾಪ್ಸೂಲ್ ಎನ್ನುವ ಒಂದು ಗೂಡನ್ನು ಬಾಹ್ಯಾಕಾಶಕ್ಕೆ ಕಳಿಸಿ, ಕೆಲ ದಿನ ಸುತ್ತಿಸಿ, ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕೆ ಇಳಿಸುವ ತಯಾರಿಯಲ್ಲಿತ್ತು. ಗೂಡಿನಲ್ಲಿ ಮನುಷ್ಯ ಇಲ್ಲ. ಆದರೆ ಖಾಲಿ ಗೂಡು ಮೊದಲು ಸರಿಯಾಗಿ ವಾಪಸ್ ಬಂದರೆ ತಾನೇ ಮುಂದೆ ಅದರಂಥದ್ದರಲ್ಲಿ ಮನುಷ್ಯ ಕೂರುವುದು? ನಮ್ಮ ಪಿನ್ನು ಆ ಪ್ಯಾರಾಚೂಟಿನ ಹಗ್ಗ ಹಿಡಿದುಕೊಳ್ಳುವಂಥದ್ದು. ಶಾಖ ಕೊಟ್ಟು ಗಟ್ಟಿ ಮಾಡಿದ ಉಕ್ಕು. ನಾನು ಒಂದೂವರೆ ತಿಂಗಳು ಬೇರೆ ಯಾವ ಕೆಲಸವನ್ನೂ ಮುಟ್ಟದೆ ನಲವತ್ತನ್ನೂ ಕಡೆದೆ. ತೊಳೆದು, ಎಣ್ಣೆ ಸವರಿ, ಒಂದೊಂದನ್ನೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಅಂಟಿಸಿ, ಶನಿವಾರ ಮನೆಗೆ ಹೋದೆ. ಮಂಗಳವಾರ ಹನ್ನೊಂದಕ್ಕೆ ಮೇಡಂ ಬರುವವರಿದ್ದರು.

ನಡುವೆ ಶ್ರಾವಣ ಸೋಮವಾರ ಬಂತು.

ನಮ್ಮ ಕಡೆ ಹೊಸ ಸಾಮಾನು ಮನೆಯಿಂದ ಹೊರಗೆ ಕಾಲಿಡುವ ಮುಂಚೆ ಅದಕ್ಕೆ ಪೂಜೆ ಆಗಬೇಕು. ಟ್ರ್ಯಾಕ್ಟರಾಗಲಿ, ತಕ್ಕಡಿಯಾಗಲಿ, ಹೊಲಿಗೆ ಯಂತ್ರವಾಗಲಿ. ಗಾಣದ ಗುಂಡಿಗೆ ಸಾಹುಕಾರರು ತಪ್ಪದೆ ವಿಭೂತಿ ಹಚ್ಚಿಯೇ ಕಳಿಸುತ್ತಿದ್ದರು. ಸೋಮವಾರ ಶೆಡ್ಡಿಗೆ ರಜೆ. ಅವರೊಬ್ಬರೇ ಒಳಗೆ ಬಂದು ಕುಳಿತು, ಆಕಾಶಕ್ಕೆ ಹೋಗಿ ವಾಪಸ್ ಬರಬೇಕಾದ ಮಾಲಿಗೆ ಪೂಜೆ ಇಲ್ಲದಿದ್ದರೆ ಹೇಗೆ ಎಂದು ನಲವತ್ತೂ ಚೀಲ ಕತ್ತರಿಸಿ, ನಲವತ್ತೂ ಪಿನ್ನಿಗೆ ಮೂರು ಮೂರು ಗೆರೆ ವಿಭೂತಿ ಎಳೆದು, ನೆತ್ತಿಗೊಂದು ಕುಂಕುಮ ಇಟ್ಟಿದ್ದರು. ಮಂಗಳವಾರ ಎಂಟಕ್ಕೆ ನಾನು ಒಳಗೆ ಬಂದಾಗ ಮೇಜಿನ ಮೇಲೆ ಸಾಲಾಗಿ ನಿಂತಿದ್ದವು, ನಲವತ್ತು ಪುಟ್ಟ ಶರಣರು.

"ಸಾವ್ಕಾರ್ರ, ಏನ್ ಮಾಡೀರಿ ಇದು!"

"ಯಾಕೋ? ಚಂದ ಕಾಣ್ಸಾಕತ್ತಾವಲ್ಲ?"

"ಇನ್ನ ಮೂರು ತಾಸಿಗಿ ಮೇಡಂ ಬರ್ತಾರ್ರಿ. ಒಂದು ಧೂಳಿನ ಕಣಾ ಇದ್ರೂ ಇಡೀ ಲಾಟ್ ತೆಗೀತಾರ. ನೀವು ಮಠಾನೇ ತಂದು ಹಚ್ಚೀರಲ್ರಿ!"

ಆಗ ಅವರ ಮುಖ ಸಣ್ಣದಾಯಿತು. ಇಬ್ಬರೂ ಕೂತು ಒರೆಸತೊಡಗಿದೆವು. ಬೂದಿ ಹೋಯಿತು. ಕುಂಕುಮ ಮಾತ್ರ ಎಣ್ಣೆಗೆ ಸೇರಿ ಕೆಂಪು ರಾಡಿಯಾಗಿ ಪಿನ್ನಿನ ತುದಿಯ ಸ್ಕ್ರೂ ಎಳೆಗಳ ಒಳಗೆ ಹೊಕ್ಕು ಕೂತಿತ್ತು. ಸೀಮೆಎಣ್ಣೆಗೂ ಬಿಡಲಿಲ್ಲ. ಗಂಟೆ ಒಂಬತ್ತಾಯಿತು. ಆಗ ನನ್ನ ಜಾಣತನ ಎದ್ದು ನಿಂತಿತು.

"ಹುಣಸಿಹಣ್ಣ ತರ್ರಿ ಸಾವ್ಕಾರ್ರ. ನಮ್ಮನ್ಯಾಕಿ ದೇವರ ಸಾಮಾನ ಎಲ್ಲಾ ಅದರಾಗೇ ತಿಕ್ಕತಾಳ."

"ಹುಳಿ ನಡೀತದೇನೋ ಇದಕ್ಕ?"

"ದೇವರ ಮುಂದಿನ ಸಮಯಿ ದೀಪಕ್ಕ ನಡೀತದ ಅಂದ್ರ ಇದಕ್ಕ್ಯಾಕ ನಡಿಯಂಗಿಲ್ರಿ? ನಾ ಹೇಳಾಕತ್ತೇನಲ್ಲ, ಫಿಕರ್ ಮಾಡಬ್ಯಾಡ್ರಿ."

ಮನೆಯಿಂದ ಒಂದು ಬೋಗುಣಿ ಹುಣಸೆ ರಸ ಬಂತು. ನಲವತ್ತನ್ನೂ ಅದರಲ್ಲಿ ಮುಳುಗಿಸಿ ಒಂದು ತಾಸು ಬಿಟ್ಟು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆದೆ. ಕುಂಕುಮದ ಗುರುತೇ ಇರಲಿಲ್ಲ. ಒಣಗಿಸಿ, ಎಣ್ಣೆ ಸವರಿ, ಹೊಸ ಚೀಲಕ್ಕೆ ಹಾಕಿ ಬಾಯಿ ಅಂಟಿಸುವ ಹೊತ್ತಿಗೆ ಹೊರಗೆ ಮೇಡಂ ಚಪ್ಪಲಿ ಬಿಡುವ ಸದ್ದು ಕೇಳಿತು. ಸಾಹುಕಾರರು ನನ್ನ ಕಿವಿಯಲ್ಲಿ "ಇನ್ನ ಬಾಯಿ ಮುಚ್ಕೊಂಡಿರು" ಎಂದರು. ನನಗೂ ಅದೇ ಬೇಕಿತ್ತು.

ಮೇಡಂ ನಲವತ್ತನ್ನೂ ಅಳೆದರು. ನಲವತ್ತೂ ಸರಿ. ಎರಡು ತಾಸು ನಾನು ಬಾಯಿ ಬಿಡಲಿಲ್ಲ. ಇದನ್ನು ನೀವು ಗಮನಿಸಬೇಕು, ಯಾಕೆಂದರೆ ಆಮೇಲೆ ಮಾಡಿದ್ದನ್ನು ಕೇಳಿ ನನ್ನನ್ನು ದೊಡ್ಡ ಸತ್ಯವಂತ ಎಂದು ಹೊಗಳಿದವರಿದ್ದಾರೆ. ಎರಡು ತಾಸು ನಾನು ಕಳ್ಳನ ಹಾಗೆ ಕೂತಿದ್ದೆ. ಮೇಡಂ ಅಂದು ಬಹಳ ಖುಷಿಯಲ್ಲಿದ್ದರು. ಸಹಿಗೆ ಪೆನ್ನು ತೆಗೆಯುತ್ತ ಹೇಳಿದರು:

"ಹುಮನಾಬಾದಿನವರು ಹೈದರಾಬಾದಿನವರನ್ನು ಮೀರಿಸಿಬಿಟ್ಟಿರಿ. ಮನುಷ್ಯ ಕೂರುವ ಗೂಡು ಮಾಡುವಾಗಲೂ ಇದೇ ನಕ್ಷೆ, ಇದೇ ಪಿನ್ನು. ಆಗಲೂ ನಿಮಗೇ ಕೊಡಿ ಅಂತ ನಾನು ಬರೀತೀನಿ ಕಾಶೀನಾಥ್."

ಹೊಗಳಿಕೆ ಕೇಳಿ ನಾನು ಮೇಜಿನ ಮೇಲಿನ ಚೀಲಗಳ ಕಡೆ ನೋಡಿದೆ. ಯಾರೋ ಒಬ್ಬ ನಮ್ಮ ನಲವತ್ತರಲ್ಲಿ ಒಂದನ್ನು ನಂಬಿ ಕೆಳಗೆ ಇಳಿಯುತ್ತಿರುವಂತೆ ಕಂಡಿತು. ಅವನಿಗೆ ಮುಖ ಇರಲಿಲ್ಲ, ಆದರೂ ನನಗೆ ಭಯವಾಯಿತು. ನೇರ ಹೇಳುವ ಧೈರ್ಯ ಮಾತ್ರ ಇಲ್ಲ. ಬೇರೆಯವರ ವಿಷಯ ಕೇಳುವವನಂತೆ ಕೇಳಿದೆ:

"ಮೇಡಂ, ಸುಮ್ಮ ಕೇಳ್ತೇನ್ರಿ. ಇಂಥಾ ಉಕ್ಕಿಗಿ ಹುಳಿ ತಾಗಿದ್ರ ಏನಾಗ್ತದ್ರಿ?"

ಮೇಡಂ ಪೆನ್ನಿಗೆ ಕ್ಯಾಪು ಹಾಕಿದರು.

"ಗಟ್ಟಿ ಮಾಡಿದ ಉಕ್ಕು ಹುಳಿಯಲ್ಲಿ ನೆನೆದರೆ ಜಲಜನಕ ಒಳಗೆ ಹೋಗಿ ಕೂರುತ್ತೆ. ಹೊರಗೆ ಏನೂ ಕಾಣಲ್ಲ. ಅಳತೆ ಸರಿ ಇರುತ್ತೆ, ಹೊಳೀತಾನೂ ಇರುತ್ತೆ. ಭಾರ ಬಿದ್ದು ಎರಡು ಮೂರು ದಿನಕ್ಕೆ ಇದ್ದಕ್ಕಿದ್ದಂತೆ ಮುರಿಯುತ್ತೆ. ಯಾಕೆ ಕೇಳಿದಿರಿ?"

ನಾನು ಸಾಹುಕಾರರ ಕಡೆ ನೋಡಿದೆ. ಅವರು ಮೇಲಿನ ಫ್ಯಾನನ್ನು ಆಗಷ್ಟೇ ಕೊಂಡು ತಂದವರಂತೆ ಅದನ್ನೇ ನೋಡುತ್ತಿದ್ದರು. ನಾನು ಎಲ್ಲ ಹೇಳಿಬಿಟ್ಟೆ. ಪೂಜೆ, ಬೂದಿ, ಕುಂಕುಮ, ಬೋಗುಣಿ, ಹಲ್ಲಿನ ಬ್ರಶ್ಶು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು, ನಾಚಿಕೆಗೋ ಭಯಕ್ಕೋ ಗೊತ್ತಿಲ್ಲ.

ಮೇಡಂ ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಚೀಲದಿಂದ ಒಂದು ಫಾರ್ಮು ತೆಗೆದು ಮೇಲಿನಿಂದ ತುಂಬುತ್ತ ಬಂದರು. ಹನ್ನೊಂದನೆಯ ಕಲಮಿಗೆ ಬಂದು ತಲೆ ಎತ್ತಿದರು.

"ಹುಣಸೆಹಣ್ಣಲ್ಲಿ ತೊಳೆಯಿರಿ ಅಂತ ಹೇಳಿದ್ದು ಯಾರು? ಹೆಸರು ಬರೀಬೇಕು. ಕೆಲಸಗಾರನೇ ಸ್ವಂತ ಬುದ್ಧಿಯಿಂದ ಮಾಡಿದ್ದರೆ ಕಾರ್ಡು ರದ್ದಾಗುತ್ತೆ, ನನ್ನ ಕೈಲಿಲ್ಲ. ಮಾಲೀಕರು ಮಾಡಿಸಿದ್ದರೆ ಕಾರ್ಖಾನೆಗೆ ಆರು ತಿಂಗಳು ಕೆಲಸ ನಿಲ್ಲುತ್ತೆ."

ನಾನು ಬಾಯಿ ತೆರೆದೆ. ಆಗ ಸಾಹುಕಾರರ ಕಣ್ಣು ಫ್ಯಾನಿನಿಂದ ಕೆಳಗಿಳಿಯಿತು.

"ನಾ ಹೇಳೀನ್ರಿ ಮೇಡಂ. ಇಂವಾ ಬ್ಯಾಡ ಬ್ಯಾಡ ಅಂದ. ನಾನೇ ಜಬರದಸ್ತಿ ಮಾಡಿ ತೊಳಿಸೀನಿ. ಎಲ್ಲಿ ಸಹಿ ಮಾಡ್ಲಿ ಹೇಳ್ರಿ."

ಮೇಡಂ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. ಮುಖ ಬರೆಯಲು ಫಾರ್ಮಿನಲ್ಲಿ ಕಲಂ ಇಲ್ಲ. ಹೆಸರು ಬರೆದುಕೊಂಡರು. ಸಾಹುಕಾರರು ಸಹಿ ಹಾಕಿದರು. ನಾನು ತೆರೆದ ಬಾಯಿ ಮುಚ್ಚಿದೆ.

ಆಮೇಲಿನ ಎಂಟು ದಿನ ಸಾಹುಕಾರರು ನನ್ನ ಜೊತೆ ಮಾತಾಡಲಿಲ್ಲ. ಮಾತಾಡಿದ್ದು ಸರ್ಕಾರ, ಅದೂ ಕಾಗದದಲ್ಲಿ. "ಪಿನ್ನುಗಳ ಮೇಲೆ ಲೇಪಿಸಲಾದ ಬಿಳಿ ಪುಡಿಯ ಉತ್ಪಾದಕರು, ಕಚ್ಚಾ ವಸ್ತು ಮತ್ತು ಬ್ಯಾಚ್ ಸಂಖ್ಯೆಯನ್ನು ತಿಳಿಸತಕ್ಕದ್ದು" ಎಂದು ಪತ್ರ ಬಂತು. ಸಾಹುಕಾರರು ಕಿವಿಯಿಂದ ಪೆನ್ಸಿಲ್ಲು ತೆಗೆದು ತಾವೇ ಉತ್ತರ ಬರೆದರು: ಉತ್ಪಾದಕರು, ಊರಿನ ಮಠ. ಕಚ್ಚಾ ವಸ್ತು, ಆಕಳ ಸಗಣಿ. ಬ್ಯಾಚ್, ಶ್ರಾವಣ. ಹದಿನೈದು ದಿನಕ್ಕೆ "ಮಾಹಿತಿ ತೃಪ್ತಿಕರವಾಗಿದೆ" ಎಂದು ಮಾರುತ್ತರ ಬಂತು. ಅಷ್ಟೇ ಅಲ್ಲ, ನಮ್ಮ ಕೆಲಸದ ಕ್ರಮಪಟ್ಟಿಗೆ ಮೇಡಂ ಒಂದು ಹೊಸ ಹೆಜ್ಜೆ ಸೇರಿಸಿದರು: "ಹದಿನಾಲ್ಕು. ಪೂಜೆ. ಹೊರಗಿನ ಕಟ್ಟಿಗೆಯ ಪೆಟ್ಟಿಗೆಗೆ ಮಾತ್ರ. ಒಳಚೀಲ ತೆರೆಯತಕ್ಕದ್ದಲ್ಲ." ಅದರ ಮುಂದೆ ಸಹಿಗೆ ಜಾಗ, ತಾರೀಖಿಗೆ ಜಾಗ. ಪೂಜೆಗೂ ಸರ್ಕಾರಿ ಸಹಿ ಬೇಕಾದ ಶೆಡ್ಡು ನಮ್ಮದೊಂದೇ ಇದ್ದೀತು.

ಆ ಮಾರುತ್ತರಕ್ಕೂ ಮೊದಲೇ, ಒಂಬತ್ತನೆಯ ದಿನ, ಹೈದರಾಬಾದಿನಿಂದ ಫೋನು ಬಂದಿತ್ತು. ಮೇಡಂ ಪರೀಕ್ಷೆಗೆಂದು ಒಯ್ದ ನಮ್ಮ ನಲವತ್ತರಲ್ಲಿ ಐದು ಪಿನ್ನಿಗೆ ಭಾರ ಕಟ್ಟಿ ತೂಗುಹಾಕಿದ್ದರಂತೆ. ಮೂರು ದಿನ ಏನೂ ಆಗಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ, ಯಾರೂ ಮುಟ್ಟದೆ, ಎರಡು ಮುರಿದು ಬಿದ್ದಿದ್ದವು.

ಸಾಹುಕಾರರು ಫೋನಿಟ್ಟು ನನ್ನ ಲೇತಿನ ಹತ್ತಿರ ಬಂದು ಸ್ಟೂಲ್ ಎಳೆದುಕೊಂಡು ಕೂತರು. ನಾನು ಮೆಷಿನ್ನು ಬಂದ್ ಮಾಡಿದೆ. ಎಂಟು ದಿನದಿಂದ ಹೊಟ್ಟೆಯಲ್ಲಿದ್ದುದನ್ನು ಕೇಳಿದೆ.

"ಸಾವ್ಕಾರ್ರ, ಹುಣಸಿಹಣ್ಣ ಅಂದಾಂವ ನಾನು. ನೀವು ಹುಳಿ ನಡೀತದೇನು ಅಂತ ಕೇಳಿದ್ರಿ ಸೈತ. ಸುಳ್ಳ ಯಾಕ ಹೇಳಿದ್ರಿ?"

"ಹುಚ್ಚ ಅದೀ ನೀ. ನನ್ನ ಶೆಡ್ ಆರು ತಿಂಗಳ ಬಂದ್ ಬಿದ್ರ ಪಂಪಿನ ಬುಶ್ ಮಾಡ್ತೀನಿ, ಗಾಣ ಮಾಡ್ತೀನಿ. ನಿನ್ನ ಕಾರ್ಡ್ ಹೋದ್ರ ಹೋತು." ಕಿವಿಯ ಪೆನ್ಸಿಲ್ಲು ಸರಿಮಾಡಿಕೊಂಡು ಮತ್ತೆ ಹೇಳಿದರು: "ನಾಳಿ ಅದರಾಗ ಮನಷ್ಯಾ ಕೂಡ್ತಾನಂತ. ಅವನ ಪಿನ್ ಮಾಡಾಕ ಆವತ್ತ ನಿನಗ ಆದಂಥಾ ಅಂಜಿಕಿ ಆದಾಂವ ಬೇಕು. ಅಂಜಿಕಿ ಇಲ್ಲದಾಂವ ಮಾಡಿದ್ರ ನಾ ನನ್ನ ಬೀಗರನ್ನೂ ಕೂಡ್ಸಂಗಿಲ್ಲ."

ಆರು ತಿಂಗಳಾದ ಮೇಲೆ ನಲವತ್ತು ಹೊಸ ಪಿನ್ನು ಕಡೆದೆ. ಗೂಡು ಮೇಲೆ ಹೋಯಿತು, ವಾಪಸ್ ಬಂತು, ಸಮುದ್ರದಲ್ಲಿ ತೇಲಿತು. ಟಿ.ವಿ.ಯಲ್ಲಿ ಸರ್ಕಾರದವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ನಾವಿಬ್ಬರೂ ಅಪ್ಪಿಕೊಳ್ಳಲಿಲ್ಲ, ಸಾಹುಕಾರರ ಹೊಟ್ಟೆ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಆದರೆ ಆ ದಿನ ಆದಷ್ಟು ಸಂತೋಷ ನನಗೆ ಮಗಳು ಹುಟ್ಟಿದ ದಿನ ಬಿಟ್ಟರೆ ಬೇರೆ ಯಾವತ್ತೂ ಆಗಿಲ್ಲ. ನಿವೃತ್ತನಾಗುವ ತನಕ ಆ ಕಾರ್ಡಿನ ಮೇಲೆಯೇ ಕೆಲಸ ಮಾಡಿದೆ, ನನ್ನ ಕೈಯಿಂದ ಹೋದ ಮತ್ತೊಂದು ಲಾಟು ವಾಪಸ್ ಬರಲಿಲ್ಲ.

ಸಾಹುಕಾರರು ಹೋಗಿ ಕೆಲವು ವರ್ಷವಾಯಿತು. ಮೇಡಂ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆಂದು ಕೇಳಿದ್ದೇನೆ. ಆ ಫಾರ್ಮು ಮಾತ್ರ ಹೈದರಾಬಾದಿನ ಯಾವುದೋ ಕಪಾಟಿನಲ್ಲಿ ಇನ್ನೂ ಇರುತ್ತದೆ, ಸರ್ಕಾರ ಕಾಗದ ಎಸೆಯುವುದಿಲ್ಲ. ನಿಮ್ಮಲ್ಲಿ ಯಾರಾದರೂ ಖಾಸಗಿ ಬಿಟ್ಟು ಆ ಕಚೇರಿಗೆ ಸೇರಿದರೆ ಅದನ್ನು ಹುಡುಕಿ ತೆಗೆಯಿರಿ. ಹನ್ನೊಂದನೆಯ ಕಲಮಿನಲ್ಲಿ ಸಂಗಶೆಟ್ಟಿ ಎಂದಿದೆ. ಅದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಾಶೀನಾಥ ಎಂದು ಬರೆಯಿರಿ. ಕಾರ್ಡು ರದ್ದು ಮಾಡುವುದಿದ್ದರೆ ಈಗ ಮಾಡಿಕೊಳ್ಳಲಿ.